ಎಡಗೈಯ ತೋರುಬೆರಳು

ನಮ್ಮ ಕರಾವಳಿಗೆ ಕ್ರಾಂತಿ ಬಂದದ್ದು ಕಡಿಮೆ, ಬಂದಿತ್ತು ಎಂದು ಹೇಳಿಕೊಂಡು ಶಾಲು ಹೊದೆಸಿಕೊಂಡವರೇ ಹೆಚ್ಚು. ಕುಮಟೆಯಲ್ಲಿ ಒಂದು ಕಾಲಕ್ಕೆ ಗೇರುಬೀಜದ ಕಾರ್ಖಾನೆ ಇತ್ತು, ಅದರ ಬಾಗಿಲಲ್ಲಿ ಕೆಂಬಾವುಟ ಹಾರಿತ್ತು, ಇದೆಲ್ಲ ನಿಜ. ಆದರೆ ಆ ಬಾವುಟ ಹಿಡಿದವರು ಯಾರು ಎಂದು ಈಗ ಕೇಳಿದರೆ ಅರವತ್ತೈದು ದಾಟಿದ ಪ್ರತಿಯೊಬ್ಬ ಗಂಡಸೂ ಕೈ ಎತ್ತುತ್ತಾನೆ. ಇವರಲ್ಲಿ ಕೆಲವರು ಆಗ ತೊಟ್ಟಿಲಲ್ಲಿದ್ದರು. ತೊಟ್ಟಿಲಲ್ಲೇ ಮಲಗಿ ಘೋಷಣೆ ಕೂಗಿರಬೇಕು.

ನಾನು ಹೊನ್ನಾವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಜೊತೆ ಇರುವವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಎಂಬತ್ತೈದು ದಾಟಿದೆ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಹದಿನಾಲ್ಕನೇ ವಯಸ್ಸಿಗೆ ಆ ಕಾರ್ಖಾನೆ ಸೇರಿ, ಅದು ಬಾಗಿಲು ಹಾಕುವವರೆಗೂ ಗೇರುಬೀಜ ಒಡೆದವಳು. ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಉಳಿದಳು. ನನ್ನನ್ನು ಮೀಯಿಸಿ, ಜಡೆ ಹಾಕಿ, ಶಾಲೆಗೆ ಕಳಿಸಿ ದೊಡ್ಡ ಮಾಡಿದವಳು ಅವಳೇ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಘಟ್ಟದ ಮೇಲಿನ ವಿಶ್ವವಿದ್ಯಾಲಯವೊಂದರಿಂದ ಒಬ್ಬ ಸಂಶೋಧಕಿ ಬಂದಳು. ಮೂವತ್ತು ದಾಟದ ಹುಡುಗಿ. ಕೈಯಲ್ಲಿ ಪುಟ್ಟ ರೆಕಾರ್ಡರು, ಚೀಲದಲ್ಲಿ ಒಪ್ಪಿಗೆ ಪತ್ರಗಳು, ಪ್ರಶ್ನೆಗಳ ಉದ್ದ ಪಟ್ಟಿ. ಹಳೆಯ ಕಾರ್ಮಿಕರ ಬಾಯಿಂದಲೇ ಆ ಕಾಲದ ಎಡಪಂಥದ ಚರಿತ್ರೆ ಬರೆಸುವುದು ಅವಳ ಯೋಜನೆ. ಅವಳು ಮೊದಲು ಹುಡುಕಿ ಬಂದದ್ದು ಅತ್ತೆಯನ್ನಲ್ಲ, ನನ್ನನ್ನು. ಯಾಕೆ ಎಂದು ಆಮೇಲೆ ಹೇಳುತ್ತೇನೆ, ಹೇಳಿಕೊಳ್ಳುವಂಥ ವಿಷಯವೇನೂ ಅಲ್ಲ.

ಮೊದಲ ಪ್ರಶ್ನೆ ಹೀಗಿತ್ತು: “ಅಜ್ಜಿ, ನಿಮ್ಮಲ್ಲಿ ವರ್ಗಪ್ರಜ್ಞೆ ಮೂಡಿದ್ದು ಯಾವಾಗ?”

ಅತ್ತೆ ನನ್ನ ಮುಖ ನೋಡಿದಳು. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ನನ್ನದಾಯಿತು. “ನಮ್ಗೆ ಅನ್ಯಾಯ ಆಗ್ತದೆ ಅಂತ ಯಾವಾಗ ಗೊತ್ತಾತು ಅಂತ ಕೇಳ್ತಾರೆ” ಎಂದೆ.

“ಮೊದಲ್ನೇ ದಿನವೇ. ಅದ್ಕೆ ಪ್ರಜ್ಞೆ ಎಂತಕ್ಕೆ? ಕೈ ಸುಟ್ಟಿತ್ತು.”

ಹುಡುಗಿ ಜಾಣೆ. ಪ್ರಶ್ನೆಗಳ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿ, ಕೈ ಹೇಗೆ ಸುಟ್ಟಿತು ಎಂದು ಕೇಳಿದಳು. ಅತ್ತೆ ತೋರಿಸಿಯೇ ಹೇಳಿದಳು. ಹುರಿದ ಬೀಜವನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯಬೇಕು. ಬಲಗೈಯ ಮರದ ಸುತ್ತಿಗೆಯಿಂದ ಅದರ ಅಂಚಿಗೆ ಏಟು ಹಾಕಬೇಕು. ಏಟು ಜೋರಾದರೆ ತಿರುಳು ತುಂಡು, ಮೆಲ್ಲಗಾದರೆ ಸಿಪ್ಪೆ ಬಿಡುವುದಿಲ್ಲ. ಪ್ರತಿ ಏಟಿಗೂ ಸಿಪ್ಪೆಯ ಎಣ್ಣೆ ಬೆರಳಿಗೆ ಸಿಡಿಯುತ್ತದೆ. ಬೂದಿಯಲ್ಲಿ ಕೈ ಅದ್ದಿ ಅದ್ದಿ ಒಡೆದರೂ ಚರ್ಮ ಸುಟ್ಟು, ಎದ್ದು, ಮತ್ತೆ ಸುಟ್ಟು ಕಪ್ಪಾಗುತ್ತದೆ. ಎಲ್ಲಕ್ಕಿಂತ ಕಪ್ಪು ಎಡಗೈಯ ತೋರುಬೆರಳು. ಹಬ್ಬಕ್ಕೆಂದು ತಿಕ್ಕಿ ತೊಳೆದರೂ ಹೋಗದ ಕಪ್ಪು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಬಾಳೆಲೆ ಎಳೆದುಕೊಂಡು ಅತ್ತ ಸರಿಯುತ್ತಿದ್ದರಂತೆ. ಹಾಗಾಗಿ ಗೇರು ಒಡೆಯುವ ಹೆಂಗಸರು ಎಲ್ಲಿ ಹೋದರೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು.

ಅವರ ಕೈಯನ್ನು ದಿನಾಲೂ ನೋಡುತ್ತಿದ್ದವನು ಒಬ್ಬನೇ, ಮಾಲೀಕನ ಗುಮಾಸ್ತ. ಸಂಜೆ ಬಾಗಿಲಲ್ಲಿ ನಿಂತು ಅಂಗೈ, ಬಾಯಿ, ಸೆರಗಿನ ಗಂಟು ಎಲ್ಲ ತಪಾಸು ಮಾಡಿಯೇ ಹೊರಗೆ ಬಿಡುತ್ತಿದ್ದ. ಒಂದು ತಿರುಳು ಕದ್ದರೂ ಅವನಿಗೆ ಗೊತ್ತಾಗಬೇಕು. ಯಾರ ಬೆರಳು ಎಷ್ಟು ಸುಟ್ಟಿದೆ ಎಂಬುದು ಆ ಪುಣ್ಯಾತ್ಮನಿಗೆ ಬಾಯಿಪಾಠವಾಗಿತ್ತು.

ಇನ್ನು ನಮ್ಮ ನಾಯಕರು. ಹೆಸರು ಬೇಡ, ಈ ಮೂರು ತಾಲೂಕಿನಲ್ಲಿ ಗೊತ್ತಿರುವವರಿಗೆ ಗೊತ್ತಾಗುತ್ತದೆ. ಸಂತೆಗುಳಿ ಕಡೆಯ ತೋಟದ ಮನೆಯವರು. ಮುಂಬಯಿಗೆ ಓದಲು ಹೋಗಿ, ಓದಿದ್ದಕ್ಕಿಂತ ಹೆಚ್ಚು ಮೋರ್ಚಾಗಳಲ್ಲಿ ನಡೆದು, ಜೋಳಿಗೆ ತುಂಬ ಮರಾಠಿ ಕರಪತ್ರ ಹೊತ್ತು ಊರಿಗೆ ಬಂದವರು. ಗಡ್ಡವಿತ್ತು, ಜುಬ್ಬವಿತ್ತು, ಒಳ್ಳೆಯ ಕಂಠವಿತ್ತು. ಅವರೇ ಕಾರ್ಖಾನೆಯಲ್ಲಿ ಸಂಘ ಕಟ್ಟಿದರು. ಜೈಲಿಗೂ ಹೋಗಿ ಬಂದರು, ಅದನ್ನು ನಾನು ಲಘುವಾಗಿ ಹೇಳುವುದಿಲ್ಲ. ಹೆಂಗಸರು ಅವರನ್ನು “ಒಡೆಯಾ” ಎನ್ನುತ್ತಿದ್ದರು. ಅವರಿಗೆ ಕಸಿವಿಸಿ. ಒಂದು ದಿನ ಎಲ್ಲರನ್ನೂ ನಿಲ್ಲಿಸಿ, ಇನ್ನು ಮುಂದೆ ಯಾರಿಗೂ ಯಾರೂ ಒಡೆಯರಲ್ಲ, ನನ್ನನ್ನು ಕಾಮ್ರೇಡ್ ಎನ್ನಿ ಎಂದು ಅರ್ಧ ಗಂಟೆ ತಿಳಿಸಿ ಹೇಳಿದರಂತೆ. ಹೆಂಗಸರು ತಲೆ ಆಡಿಸಿ, “ಆತು ಒಡೆಯಾ” ಎಂದರಂತೆ.

ಅವರ ಭಾಷಣ ಕೈಯ ಮಾತು ಬಾರದೆ ಮುಗಿಯುತ್ತಿರಲಿಲ್ಲ. ದುಡಿಯುವ ಕೈ, ಜಗತ್ತನ್ನು ಎತ್ತಿ ನಿಲ್ಲಿಸುವ ಕೈ, ಸಂಕೋಲೆ ಕಳಚುವ ಕೈ. ಮುಂದಿನ ಸಾಲಿನಲ್ಲಿ ಬೀಜ ಹುರಿಯುವ ಭಟ್ಟಿಯ ಗಂಡಸರು ಕೂತು ಚಪ್ಪಾಳೆ ಹೊಡೆಯುತ್ತಿದ್ದರು. ಹೆಂಗಸರು ಹಿಂದೆ ಮರದ ಕೆಳಗೆ, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಕೈಯ ಬಗ್ಗೆ ಭಾಷಣ ಕೇಳುತ್ತಿದ್ದರು.

ಮುಷ್ಕರಕ್ಕೆ ಬೇಡಿಕೆಗಳ ಪಟ್ಟಿ ತಯಾರಾಗುವಾಗ ಹೆಂಗಸರದ್ದು ಇದ್ದದ್ದು ಒಂದೇ ಬೇಡಿಕೆ: ಕೈಗೆ ಹಚ್ಚಲು ತೆಂಗಿನೆಣ್ಣೆಯನ್ನು ಕಾರ್ಖಾನೆಯೇ ಕೊಡಬೇಕು. ಎಲ್ಲರ ಪರವಾಗಿ ಹೇಳಲು ಹೋದವಳು ಅತ್ತೆ, ಆಗ ಅವಳಿಗೆ ಇಪ್ಪತ್ತೋ ಇಪ್ಪತ್ತೊಂದೋ. ನಾಯಕರು ನಕ್ಕು, “ಇದು ಅಡುಗೆಮನೆ ವಿಷಯ. ಮೊದಲು ವ್ಯವಸ್ಥೆ ಬದಲಾಗಲಿ, ಎಣ್ಣೆ ತಾನಾಗಿ ಬರುತ್ತದೆ” ಎಂದರು. ಪಟ್ಟಿಯಲ್ಲಿ ವಿಶ್ವಶಾಂತಿಗೆ ಜಾಗವಿತ್ತು, ಅಣುಬಾಂಬಿಗೆ ವಿರೋಧವಿತ್ತು, ತೆಂಗಿನೆಣ್ಣೆ ಇರಲಿಲ್ಲ. ಕುಮಟೆಯ ಗೇರುಬೀಜದ ಮಾಲೀಕ ಅಣುಬಾಂಬನ್ನು ಹೇಗೆ ನಿಲ್ಲಿಸಬೇಕಿತ್ತೋ ದೇವರಿಗೇ ಗೊತ್ತು. ಮುಷ್ಕರ ಮುಗಿದಾಗ ಭಟ್ಟಿಯ ಗಂಡಸರಿಗೆ ಕೂಲಿ ಏರಿತು. ಹೆಂಗಸರಿಗೆ ಅಭಿನಂದನೆ ಸಿಕ್ಕಿತು.

ಅದರ ಮರುವರ್ಷ ಚುನಾವಣೆ. ಮಾಲೀಕನ ಕಡೆಯ ಅಭ್ಯರ್ಥಿಯ ಎದುರು ಕೆಂಬಾವುಟದ ಕಡೆಯಿಂದಲೂ ಒಬ್ಬರು ನಿಂತರು. ಅತ್ತೆಗೆ ಅದು ಮೊದಲ ಓಟು. ಹೆಂಗಸರೆಲ್ಲ ತಲೆ ಬಾಚಿ, ಅಬ್ಬಲಿಗೆ ಮುಡಿದು, ಮದುವೆಗೆ ಹೊರಟವರ ಹಾಗೆ ಹಾಡು ಹೇಳುತ್ತ ಗುಂಪಾಗಿ ಶಾಲೆಗೆ ಹೋದರು. ಒಳಗೆ ಮೇಜಿನ ಹಿಂದೆ ಅಧಿಕಾರಿ, ಘಟ್ಟದ ಮೇಲಿನ ಯಾವುದೋ ಊರಿನ ಮಾಸ್ತರು, ಗೇರುಮರವನ್ನೂ ನೋಡಿದವರಲ್ಲ. ಪಕ್ಕದ ಬೆಂಚಿನ ಮೇಲೆ ಎರಡು ಕಡೆಯ ಏಜೆಂಟರು. ಮಾಲೀಕನ ಕಡೆಯಿಂದ ಅದೇ ಗುಮಾಸ್ತ. ಕೆಂಬಾವುಟದ ಕಡೆಯಿಂದ ಸ್ವತಃ ನಾಯಕರು.

ಮಾಲೀಕ ಕಳ್ಳ ಓಟು ಹಾಕಿಸುತ್ತಾನೆ, ಒಬ್ಬೊಬ್ಬಳನ್ನು ಎರಡೆರಡು ಸಲ ಕಳಿಸುತ್ತಾನೆ ಎಂದು ಪಕ್ಷದವರು ನಾಯಕರಿಗೆ ಎಚ್ಚರಿಕೆ ಕೊಟ್ಟಿದ್ದರು. ಅವರು ಎಚ್ಚರದಿಂದಲೇ ಇದ್ದರು. ಎಲ್ಲರಿಗಿಂತ ಮುಂದೆ ಇದ್ದ ಅತ್ತೆ ಹೆಸರು ಹೇಳಿ, ಶಾಯಿ ಹಚ್ಚಿಸಿಕೊಳ್ಳಲು ಎಡಗೈ ಚಾಚಿದಳು. ಅಷ್ಟೇ, ನಾಯಕರು ಎದ್ದು ನಿಂತು ಆಕ್ಷೇಪ ಎತ್ತಿದರು. ಈ ಬೆರಳಿಗೆ ಆಗಲೇ ಶಾಯಿ ಬಿದ್ದಿದೆ, ಅದನ್ನು ಅಡಗಿಸಲು ಇಡೀ ಬೆರಳಿಗೆ ಮಸಿ ಮೆತ್ತಿಕೊಂಡು ಬಂದಿದ್ದಾಳೆ! ಅವಳ ಹಿಂದಿನವಳದ್ದೂ ಹಾಗೇ, ಅವಳ ಹಿಂದಿನವಳದ್ದೂ ಹಾಗೇ. ಮಾಸ್ತರಿಗೆ ಹೌದೆನಿಸಿತು. ಬೆರಳು ಕಪ್ಪಿರುವುದು ಕಣ್ಣಿಗೇ ಕಾಣುತ್ತಿತ್ತಲ್ಲ. ಇದ್ದಷ್ಟೂ ಹೆಂಗಸರನ್ನು ಹಿಂದೆ ಕಳಿಸಿದರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದು. ಗುಮಾಸ್ತನಿಗೆ ಎಲ್ಲ ಗೊತ್ತಿತ್ತು. ಅವನು ಶಾಲೆಯ ಮಾಡಿನ ಹಂಚು ಎಣಿಸುತ್ತ ಕೂತಿದ್ದ.

ಹೀಗೆಂದು ಹೇಳುವವಳು ಅತ್ತೆ. ಊರು ಹೇಳುತ್ತಿದ್ದ ಕತೆ ಬೇರೆ.

ಕೆಂಬಾವುಟ ಸೋತಿತು. ಈ ಹೆಂಗಸರ ಓಟು ಬಿದ್ದಿದ್ದರೂ ಗೆಲ್ಲುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಸೋಲಿಗೆ ಒಂದು ಕಾರಣ ಬೇಕು, ಕಾರಣಕ್ಕೆ ಒಂದು ಮುಖ ಬೇಕು. ಮಾಲೀಕ ಸೀರೆ ಹಂಚಿದ, ಹೆಂಗಸರು ಬೆಳಗ್ಗೆ ಅವನ ಕಡೆಯವರಿಗೆ ಓಟು ಹಾಕಿ ಮಧ್ಯಾಹ್ನ ನಮ್ಮ ಕಣ್ಣಿಗೆ ಮಣ್ಣೆರಚಲು ಮತ್ತೆ ಬಂದರು ಎಂದು ಸಂಘದ ಸಭೆಯಲ್ಲಿ ಠರಾವಾಯಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು. ಹೆಂಗಸರ ಮುಂದಾಳು ಅತ್ತೆ, ಸಂಘದಿಂದ ಅವಳ ಹೆಸರು ಹೊಡೆದರು. ಭಟ್ಟಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನೊಂದಿಗೆ ಅವಳ ಮದುವೆಯ ಮಾತುಕತೆ ಆಗಿತ್ತು. “ಒಂದು ಸೀರೆಗೆ ಓಟು ಮಾರಿದವ್ಳು, ನಾಳೆ ಎಂತ ಮಾರ್ತಾಳೋ” ಎಂದು ಹುಡುಗನ ತಾಯಿ ಎಲೆ ಅಡಿಕೆ ವಾಪಸು ಕಳಿಸಿದಳು. ಆ ಗಂಡು ಮರುವರ್ಷ ಬೇರೆ ಮದುವೆಯಾಯಿತು. ಅತ್ತೆಗೆ ಬೇರೆ ಸಂಬಂಧ ಬರಲೇ ಇಲ್ಲ.

ಜೊತೆಗಿದ್ದ ಹೆಂಗಸರಿಗೆಲ್ಲ ನಿಜ ಗೊತ್ತಿತ್ತು. ಆದರೆ ಅವರನ್ನು ಕೇಳಿದವರು ಯಾರು? ನನ್ನ ಅಪ್ಪ, ಅವಳ ಸ್ವಂತ ತಮ್ಮ, ಸಂಘದ ಕಟ್ಟಾಳು. ಅವನೂ ನಾಯಕರ ಮಾತನ್ನೇ ನಂಬಿದ. ನಾನು ಈ ಎರಡೂ ಕತೆ ಕೇಳುತ್ತ ಬೆಳೆದೆ. ಅತ್ತೆ ಒಲೆಯ ಮುಂದೆ ಕೂತು ಹೇಳುತ್ತಿದ್ದಳು, ನಾಯಕರು ವೇದಿಕೆಯ ಮೇಲೆ ನಿಂತು ಹೇಳುತ್ತಿದ್ದರು. ಒಮ್ಮೆ ನಮ್ಮ ಶಾಲೆಗೆ ಬಂದು ಪ್ರಬಂಧಕ್ಕೆ ನನಗೆ ಬಹುಮಾನವನ್ನೂ ಕೊಟ್ಟರು. ಬಡವರಿಗಾಗಿ ಜೈಲಿಗೆ ಹೋದವರು ಸುಳ್ಳು ಹೇಳುತ್ತಾರೆಯೇ? ಅತ್ತೆ ಪಾಪ, ಮಾನ ಉಳಿಸಿಕೊಳ್ಳಲು ಏನೋ ಹೇಳುತ್ತಾಳೆ ಎಂದುಕೊಂಡೆ. ಕರುಣೆಯಿಂದ ಹಾಗೆಂದುಕೊಂಡೆ ಎನ್ನುವುದು ಇನ್ನೂ ಹೇಸಿಗೆಯ ವಿಷಯ.

ಈಗ ಸಂಶೋಧಕಿ ನನ್ನನ್ನು ಹುಡುಕಿ ಬಂದ ಕಾರಣ ಹೇಳಬೇಕು. ನಾಯಕರಿಗೆ ಎಂಬತ್ತು ತುಂಬಿದಾಗ ಅಭಿಮಾನಿಗಳು ಒಂದು ಸ್ಮರಣ ಸಂಚಿಕೆ ತಂದರು. ಭಟ್ಕಳದ ಪ್ರೆಸ್ಸಿನಲ್ಲಿ ಅಚ್ಚು, ದಪ್ಪ ರಟ್ಟು, ಮೊದಲ ಪುಟದಲ್ಲಿ ಗಡ್ಡದ ಬಣ್ಣದ ಫೋಟೋ. ಕರಡು ತಿದ್ದಿದವಳು ನಾನು, ಕೊನೆಯ ಪುಟದಲ್ಲಿ ನನ್ನ ಹೆಸರಿದೆ. ಅದರಲ್ಲಿ ಒಂದು ವಾಕ್ಯ: ಕೆಲವು ಮಹಿಳಾ ಕಾರ್ಮಿಕರು ಮಾಲೀಕರ ಆಮಿಷಕ್ಕೆ ಬಲಿಯಾಗಿ ಚಳವಳಿಗೆ ದ್ರೋಹ ಬಗೆದರು. ಕರಡಿನಲ್ಲಿ ಆಮಿಷದ ಕಾಗುಣಿತ ತಪ್ಪಾಗಿತ್ತು. ನಾನು ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿದೆ, ವಾಕ್ಯವನ್ನು ಹಾಗೇ ಬಿಟ್ಟೆ. ಅತ್ತೆ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರಕ್ಕೆ ಬೆರಳಿಟ್ಟು ಓದುತ್ತಾಳೆ. ಅದನ್ನೂ ಹಾಗೇ ಓದಿದಳು. ಮರುದಿನ ಚಾ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿ ಇಟ್ಟಳು.

ಸಂಶೋಧಕಿ ಅತ್ತೆಯ ಕತೆಯನ್ನು ಪೂರ್ತಿ ರೆಕಾರ್ಡು ಮಾಡಿಕೊಂಡಳು. ಕೊನೆಗೆ ಸಮಾಧಾನ ಹೇಳುವವಳಂತೆ, “ಅಜ್ಜಿ, ಪುಸ್ತಕದಲ್ಲಿ ನಿಮ್ಮ ನೆನಪನ್ನೂ ಹಾಕುತ್ತೇವೆ, ಅವರ ನೆನಪನ್ನೂ ಹಾಕುತ್ತೇವೆ. ಓದುಗರು ತೀರ್ಮಾನಿಸಲಿ” ಎಂದಳು.

“ಎರಡೂ ಹಾಕೂದು ಎಂತಕ್ಕೆ?” ಅತ್ತೆ ಕೇಳಿದಳು. “ಅದ್ರಲ್ಲಿ ಒಂದು ಸುಳ್ಳು.”

ಹುಡುಗಿ ರೆಕಾರ್ಡರನ್ನು ಚೀಲಕ್ಕೆ ಹಾಕುತ್ತ, ನಾಳೆ ಕುಮಟೆಗೆ ಹೋಗಿ ಆ ನಾಯಕರನ್ನು ಮಾತಾಡಿಸುವುದಿದೆ ಎಂದಳು. ಅತ್ತೆ ಥಟ್ಟನೆ, “ನನ್ನೂ ಕರ್ಕಂಡು ಹೋಗಿ. ನಾ ಸಾಯೂದ್ರೊಳ್ಗೆ ಅವ್ರ ಬಾಯಿಂದ ಕೇಳ್ಬೇಕು, ನಾ ಓಟು ಮಾರ್ಲಿಲ್ಲ ಅಂತ” ಎಂದಳು. ನಾನು ಬೇಡವೆಂದೆ. ಈ ವಯಸ್ಸಿನಲ್ಲಿ ಪ್ರಯಾಣ, ರಸ್ತೆಯೆಲ್ಲ ಅಗೆದು ಹಾಕಿದ್ದಾರೆ ಎಂದು ನೆವ ಹೇಳಿದೆ. ನನಗೆ ಭಯವಿದ್ದದ್ದು ರಸ್ತೆಯದ್ದಲ್ಲ, ಅವಳಿಗೆ ಅಲ್ಲಿ ಅವಮಾನವಾದೀತೆಂದು. ಅವಳು ಒಳಗೆ ಹೋಗಿ ನಾಳೆ ಉಡುವ ಸೀರೆ ತೆಗೆದಿಟ್ಟಳು.

ನಾಯಕರಿಗೆ ಈಗ ತೊಂಬತ್ತು ದಾಟಿದೆ. ಗಡ್ಡ ಇಲ್ಲ, ಕಂಠ ಇದೆ. ಗೋಡೆಯ ತುಂಬ ಶಾಲು ಹೊದೆಸಿದ ಫೋಟೋಗಳು, ದೇಶದ ಶಾಲು ನೇಯುವವರೆಲ್ಲ ಇವರಿಂದಲೇ ಬದುಕಿರಬೇಕು. ಸೊಸೆಯ ಕಡೆ ತಿರುಗಿ, “ಚಾ ಇದ್ದಾ ನೋಡು” ಎಂದು ಮನೆಮಾತಿನಲ್ಲಿ ಹೇಳಿ, ರೆಕಾರ್ಡರಿನ ಕಡೆ ತಿರುಗಿ ಪುಸ್ತಕದ ಕನ್ನಡಕ್ಕೆ ಬಂದರು. ಒಪ್ಪಿಗೆ ಪತ್ರವನ್ನು ಓದದೆಯೇ ಚೆಂದದ ಸಹಿ ಹಾಕಿದರು. ಅತ್ತೆ ಯಾರೆಂದು ನಾನು ಹೇಳಿದಾಗ ಅವರ ಮುಖದಲ್ಲಿ ಬಹಳ ದೊಡ್ಡ ಮನಸ್ಸು ಕಾಣಿಸಿಕೊಂಡಿತು.

“ನೆನಪಿದೆ, ನೆನಪಿದೆ. ನಾನು ನಿನ್ನನ್ನು ಎಂದೋ ಕ್ಷಮಿಸಿದ್ದೇನೆ. ಬಡತನ ಮನುಷ್ಯರಿಂದ ಏನನ್ನೂ ಮಾಡಿಸುತ್ತದೆ. ತಪ್ಪು ನಿನ್ನದಲ್ಲ, ವ್ಯವಸ್ಥೆಯದು” ಎಂದರು.

“ಬಡತನ ಇತ್ತು ಒಡೆಯಾ. ಸೀರೆ ಇರ್ಲಿಲ್ಲ” ಎಂದಳು ಅತ್ತೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ.

ಸಂಶೋಧಕಿ ಆ ಚುನಾವಣೆಯ ದಿನದ ಬಗ್ಗೆ ಕೇಳಿದಳು. ಹಳೆಯ ಕುದುರೆಗೆ ರಣಭೇರಿಯ ಸದ್ದು ಕೇಳಿಸಿದ ಹಾಗಾಯಿತು. ನೆಟ್ಟಗೆ ಕೂತರು. “ಆ ದಿನ ನಾನೇ ಏಜೆಂಟ್. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ಮಧ್ಯಾಹ್ನ ಒಂದು ದಂಡು ಬಂತು. ಎಡಗೈ ಚಾಚಿದರೆ ತೋರುಬೆರಳು ಪೂರ್ತಿ ಕಪ್ಪು! ಬೆಳಗ್ಗಿನ ಶಾಯಿ ಕಾಣಬಾರದೆಂದು ಮಸಿ ಮೆತ್ತಿಕೊಂಡು ಬಂದಿದ್ದರು. ಮಾಲೀಕನ ಬುದ್ಧಿ ನೋಡಿ! ಆ ಅಧಿಕಾರಿಗೆ ಏನೂ ತಿಳಿದಿರಲಿಲ್ಲ. ನಾನೇ ಎದ್ದು ನಿಂತು ಒಬ್ಬೊಬ್ಬಳ ಬೆರಳನ್ನೂ ತೋರಿಸಿಕೊಟ್ಟೆ. ಒಬ್ಬಳನ್ನೂ ಬಿಡಲಿಲ್ಲ.” ಇಷ್ಟು ಹೇಳಿ ಸಂತೋಷದಿಂದ ನಕ್ಕರು.

ಯಾವ ವೇದಿಕೆಯ ಮೇಲೂ ಅವರು ಈ ಭಾಗ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲೆಲ್ಲ ದ್ರೋಹಕ್ಕೆ ಜಾಗವಿತ್ತು, ಬೆರಳಿಗೆ ಇರಲಿಲ್ಲ. ಅತ್ತೆ ಅರವತ್ತು ವರ್ಷಗಳಿಂದ ಹೇಳಿದ್ದನ್ನೇ ಅವರು ಒಂದು ಅಕ್ಷರ ಬಿಡದೆ ಹೇಳಿದ್ದರು, ಹೆಮ್ಮೆಯಿಂದ.

ಸಂಶೋಧಕಿ ಮೆಲ್ಲಗೆ ಕೇಳಿದಳು: “ಸರ್, ಗೇರುಬೀಜ ಒಡೆಯುವವರ ಕೈ ಹೇಗಿರುತ್ತದೆ?”

“ದುಡಿಯುವ ಕೈ. ಒರಟಾಗಿರುತ್ತದೆ.”

“ಬಣ್ಣ?”

ಅವರು ತಿರುಗಿ ಅತ್ತೆಯ ಕೈ ನೋಡಿದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಆ ಕಪ್ಪು ಈಗ ಇಲ್ಲ. ಅತ್ತೆ ಹಿಂದಿನ ದಿನ ನಮಗೆ ತೋರಿಸಿದ ಹಾಗೆಯೇ ಎಡಗೈಯ ಎರಡು ಬೆರಳು ಕೂಡಿಸಿ, ಬಲಗೈಯಿಂದ ಏಟು ಹಾಕುವುದನ್ನು ತೋರಿಸಿದಳು. “ಹೀಂಗೆ ಹಿಡೀತಿದ್ವಿ ಒಡೆಯಾ. ಎಣ್ಣೆ ಇದೇ ಬೆರಳಿಗೆ ಸಿಡೀತಿತ್ತು. ಎಣ್ಣೆ ಕೊಡಿಸಿ ಅಂತ ಕೇಳೂಕೆ ಬಂದಿದ್ದು ಇದ್ಕೇ.”

ಸೊಸೆ ಚಾ ತಂದಿಟ್ಟು ಹೋದರು. ನಾಯಕರ ಮುಖದಿಂದ ದೊಡ್ಡ ಮನಸ್ಸು ಇಳಿದು ಹೋಗಿತ್ತು. ಆ ಮುದುಕರನ್ನು ಕಂಡು ನನಗೆ ಕೆಡುಕೆನಿಸಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವರು ಬಾಯಿ ಬಿಟ್ಟ ಕೂಡಲೇ ಆ ಮರುಕ ಹೋಯಿತು.

“ಅವತ್ತೇ ಹೇಳಬೇಕಿತ್ತು ನೀನು.”

“ಹೇಳಿದ್ದೆ. ನೀವು ನನ್ ಬೆರಳು ನೋಡ್ತಿದ್ರಿ, ಬಾಯಿ ನೋಡ್ಲಿಲ್ಲ.”

ಅವರು ಸಂಶೋಧಕಿಯ ಕಡೆ ತಿರುಗಿ, ಆ ಯಂತ್ರ ಸ್ವಲ್ಪ ಬಂದ್ ಮಾಡಿ ಎಂದರು. ಅವಳು ಮಾಡಿದಳು. “ಇದನ್ನೆಲ್ಲ ಬರೆಯಬೇಡಿ. ನನ್ನದೇನೂ ಇಲ್ಲ, ನಾಳೆ ಹೋಗುವವನು. ಚಳವಳಿಗೆ ಕೆಟ್ಟ ಹೆಸರು ಬರುತ್ತದೆ.”

“ಚಳವಳಿಗೆ ಈಗ ಬಂದ್ರೆ ಬಂತು,” ಅತ್ತೆ ಹೇಳಿದಳು. “ನಂಗೆ ಇಪ್ಪತ್ತೆರಡು ವರ್ಷಕ್ಕೇ ಬಂದಿತ್ತು. ಒಂದ್ಸಲ ಹೇಳಿ ಒಡೆಯಾ.”

ಏನು ಹೇಳಬೇಕೆಂದು ಅವರು ಕೇಳಲಿಲ್ಲ. ಚಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಭಾಷಣದ ಕಂಠವೆಲ್ಲ ಹೋಗಿ, “ನೀನು ಓಟು ಮಾರಲಿಲ್ಲ” ಎಂದರು. ಅತ್ತೆ “ಆತು” ಎಂದು ಎದ್ದಳು.

ಸಂಶೋಧಕಿ ಕುಮಟೆಯಲ್ಲೇ ಉಳಿದಳು. ರೆಕಾರ್ಡಾದದ್ದು ಹೇಗೂ ಉಳಿದಿತ್ತು, ಸಹಿಯೂ ಬಿದ್ದಿತ್ತು, ಅದನ್ನು ಬಿಡುವವಳಲ್ಲ ಅವಳು. ನಾವಿಬ್ಬರೂ ರಿಕ್ಷಾ ಹಿಡಿದು ಹೊನ್ನಾವರಕ್ಕೆ ಹೊರಟೆವು. ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ಪುಸ್ತಕ ಬರಲಿ ನೋಡು, ಆ ಸ್ಮರಣ ಸಂಚಿಕೆಯವರಿಂದ ತಪ್ಪೊಪ್ಪಿಗೆ ಬರೆಸುತ್ತೇನೆ, ನೀನು ಹೇಳಿದ್ದು ನಿಜ ಎಂದು ಇನ್ನು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಬಡಬಡಿಸಿದೆ.

ಅತ್ತೆ ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿದಳು.

“ನಿಂಗೆ ಯಾವಾಗ ಗೊತ್ತಾತು?”

ಮೊದಲಿನಿಂದಲೂ ಗೊತ್ತಿತ್ತು ಎನ್ನಬಹುದಿತ್ತು. ಮುದುಕಿಗೆ ಸಂತೋಷವಾಗುತ್ತಿತ್ತೇನೋ. ಆದರೆ ಅವಳ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

“ಇವತ್ತು” ಎಂದೆ.

“ಅವ್ರು ಹೇಳಿದ್ ಮೇಲೆ.”

“ಹೂಂ.”

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಸಿಟ್ಟಿನಿಂದ ಹೇಳಲಿಲ್ಲ, ಅಡುಗೆಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ ಹೇಳಿದಳು:

“ಅರವತ್ತು ವರ್ಷ ನಾ ಹೇಳ್ದೆ. ಅವ್ರು ಒಂದ್ಸಲ ಹೇಳಿದ್ರು. ಈಗ್ಲೂ ನೀ ನಂಬಿದ್ದು ಅವ್ರ ಮಾತನ್ನೇ.”